ಪುಟ್ಟಿ ಮಲಗಿದ ಮೇಲೆ ನಾನು ನೋಡಿದ ಕಾರ್ಟೂನ್

ಮೊದಲೇ ಹೇಳಿಬಿಡುತ್ತೇನೆ, ಈ ಕಾರ್ಟೂನ್ ಮಾಡಿದವರ ಲೆಕ್ಕದಲ್ಲಿ ನಾನು ಇರಲಿಕ್ಕಿಲ್ಲ. ನನಗೆ 46 ವರ್ಷ. ದಾವಣಗೆರೆಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಸಾಲದ ಫೈಲುಗಳನ್ನು ನೋಡುವ ಕೆಲಸ. ಮನೆಯಲ್ಲಿ ನಾನು ಮತ್ತು ನಮ್ಮವರು, ಇಬ್ಬರೇ. ಮಕ್ಕಳಿಲ್ಲ. ಟಿವಿಯಲ್ಲಿ ಕಾರ್ಟೂನ್ ಚಾನೆಲ್ ಬಂದರೆ ನಿಲ್ಲದೆ ಮುಂದಕ್ಕೆ ಹೋಗುವ ಮನೆ ನಮ್ಮದು.

ಅಂಥವಳು ಈಗ 'ಬ್ಲೂಯಿ' ಎಂಬ ನಾಯಿಮರಿಯ ಮೂರು ಸೀಸನ್ನುಗಳನ್ನೂ ನೋಡಿ ಮುಗಿಸಿದ್ದೇನೆ. 150ಕ್ಕೂ ಹೆಚ್ಚು ಕಂತು. ಕೆಲವನ್ನು ನಾಲ್ಕೈದು ಸಲ. ಬ್ಯಾಂಕಿನಲ್ಲಿ ಇದನ್ನು ಯಾರಿಗೂ ಹೇಳಿಲ್ಲ.

ಆದದ್ದು ಹೀಗೆ. ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ತಂಗಿಯ ಎರಡನೇ ಬಾಣಂತನಕ್ಕೆ ಬ್ರಿಸ್ಬೇನ್‌ಗೆ ಹೋದೆ. ಅಮ್ಮನಿಗೆ ಮಂಡಿ ನೋವು, ಅಷ್ಟು ಹೊತ್ತು ವಿಮಾನದಲ್ಲಿ ಕೂರಲಾರೆ ಅಂದರು. ಉಳಿದವಳು ನಾನೇ. ಕೂಡಿಟ್ಟ ರಜೆಯನ್ನೆಲ್ಲ ಸೇರಿಸಿ ಒಂಬತ್ತು ವಾರ ತೆಗೆದುಕೊಂಡೆ. ಬ್ಯಾಗಿನಲ್ಲಿ ಅಂಟಿನುಂಡೆಯ ಸಾಮಾನು ತುಂಬಿಕೊಂಡಿದ್ದೆ. ಆಸ್ಟ್ರೇಲಿಯಾಕ್ಕೆ ಕಾಲಿಡುವ ಮೊದಲು ತಿನ್ನುವ ಪದಾರ್ಥವನ್ನೆಲ್ಲ ಬರೆದುಕೊಡಬೇಕು. ಬರೆದುಕೊಟ್ಟೆ. ಆಮೇಲೆ ಒಂದು ನಾಯಿ ಬಂದು ನನ್ನ ಬ್ಯಾಗನ್ನು ನಿಧಾನವಾಗಿ ಮೂಸಿ ನೋಡಿತು. ಅಂಟಿನ ವಾಸನೆ ಅದಕ್ಕೆ ಹೊಸದಿರಬೇಕು, ತಲೆ ಓರೆ ಮಾಡಿ ಮತ್ತೊಮ್ಮೆ ಮೂಸಿತು. ಬ್ಲೂಯಿಯ ಅಮ್ಮ ಚಿಲ್ಲಿಯ ಕೆಲಸವೂ ವಿಮಾನ ನಿಲ್ದಾಣದ ಭದ್ರತೆಯೇ. ಅದು ಗೊತ್ತಾದ ದಿನ ನಾನು ಒಬ್ಬಳೇ ನಕ್ಕೆ.

ತಂಗಿಯ ದೊಡ್ಡ ಮಗಳಿಗೆ ಐದು ವರ್ಷ. ಪುಟ್ಟಿ ಅಂತಲೇ ಇಟ್ಟುಕೊಳ್ಳೋಣ. ರಾತ್ರಿ ಊಟ ಆದ ಮೇಲೆ ಅವಳಿಗೆ ಎರಡು ಕಂತು, ಅಷ್ಟೇ ಅಂತ ಮನೆಯ ಕಾನೂನು. ಮೊದಲ ದಿನವೇ ನನ್ನ ಕೈ ಹಿಡಿದು ಸೋಫಾದ ಮೇಲೆ ಕೂರಿಸಿದಳು. ನಾನು ಬೆಳ್ಳುಳ್ಳಿ ಸುಲಿಯುತ್ತಾ ಅರ್ಧ ಮನಸ್ಸಿನಲ್ಲಿ ನೋಡಿದೆ. ಮಾತು ಒಂದೂ ಅರ್ಥ ಆಗಲಿಲ್ಲ. ಆ ಆಸ್ಟ್ರೇಲಿಯಾದ ಇಂಗ್ಲಿಷು ನನ್ನ ಕಿವಿಗೆ ಹೊಸದು, ಮೂಗಿನಲ್ಲೇ ಅರ್ಧ ಮಾತು ಮುಗಿಸುತ್ತಾರೆ. ಕೆಳಗೆ ಅಕ್ಷರ ಬರುವ ಹಾಗೆ ಮಾಡಿಸಿಕೊಂಡ ಮೇಲೆ ಸರಿಹೋಯಿತು.

ನಿಜವಾಗಿ ನೋಡಿದ್ದು ಮಾತ್ರ ಪುಟ್ಟಿ ಮಲಗಿದ ಮೇಲೆ. ರಾತ್ರಿ ಎರಡಕ್ಕೋ ಮೂರಕ್ಕೋ ಕೂಸು ಏಳುತ್ತದೆ. ತಂಗಿ ಹಾಲು ಕೊಟ್ಟು ನನ್ನ ಕೈಗೆ ಕೊಟ್ಟು ಮಲಗುತ್ತಾಳೆ. ಹೆಗಲ ಮೇಲೆ ಹಾಕಿಕೊಂಡು ತೇಗು ಬರುವವರೆಗೆ ಬೆನ್ನು ತಟ್ಟಬೇಕು, ಮತ್ತೆ ನಿದ್ದೆ ಹತ್ತಿಸಬೇಕು. ಅದಕ್ಕೆ ಸರಿಯಾಗಿ ಹದಿನೈದು ನಿಮಿಷ. ಬ್ಲೂಯಿಯ ಒಂದು ಕಂತು ಸುಮಾರು 7 ನಿಮಿಷ. ಎರಡು ಕಂತಿಗೆ ಒಂದು ಕೂಸು ಮಲಗುತ್ತಿತ್ತು. ಸದ್ದು ಪೂರಾ ಕಡಿಮೆ ಮಾಡಿ, ಕತ್ತಲಲ್ಲಿ, ನಾನೂ ಕೂಸೂ.

ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಬ್ಲೂಯಿ ಆರು ವರ್ಷದ ಹೆಣ್ಣು ನಾಯಿಮರಿ. ಆಸ್ಟ್ರೇಲಿಯಾದಲ್ಲಿ ದನ ಮೇಯಿಸುವವರು ಸಾಕುವ ಹೀಲರ್ ಜಾತಿ, ಮೈಬಣ್ಣ ನೀಲಿ. ತಂಗಿ ಬಿಂಗೊ, ನಾಲ್ಕು ವರ್ಷ, ಅಮ್ಮನ ಹಾಗೆ ಕೆಂಪು. ಅಪ್ಪ ಬ್ಯಾಂಡಿಟ್ ಪುರಾತತ್ವದ ಕೆಲಸದವನು. ನಾಯಿ ಅಲ್ವಾ, ಮೂಳೆ ಅಗೆಯುವ ಕೆಲಸವನ್ನೇ ಹಿಡಿದಿದ್ದಾನೆ. ಇದನ್ನು ಹುಟ್ಟುಹಾಕಿದವರು ಜೋ ಬ್ರಮ್. ಲಂಡನ್ನಿನಲ್ಲಿ ಕಾರ್ಟೂನ್ ಕೆಲಸ ಮಾಡಿ, ಬ್ರಿಸ್ಬೇನ್‌ಗೆ ಮರಳಿ, ತಮ್ಮ ಇಬ್ಬರು ಹೆಣ್ಣುಮಕ್ಕಳ ಆಟ ನೋಡಿ ಬರೆದದ್ದು. ಮಾಡಿದ್ದು ಬ್ರಿಸ್ಬೇನ್‌ನ ಲುಡೊ ಸ್ಟುಡಿಯೊ. 2018ರ ಅಕ್ಟೋಬರ್ 1ರಂದು ಅಲ್ಲಿನ ಸರ್ಕಾರಿ ವಾಹಿನಿ ಎಬಿಸಿಯ ಮಕ್ಕಳ ಚಾನೆಲ್‌ನಲ್ಲಿ ಶುರುವಾಯಿತು. ಆಮೇಲೆ ಮಕ್ಕಳ ಟಿವಿ ಕಾರ್ಯಕ್ರಮಗಳಿಗೆ ಕೊಡುವ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿಯೂ ಬಂತು. 2024ರಲ್ಲಿ ಅಮೆರಿಕದ ಜನ ಸ್ಟ್ರೀಮಿಂಗ್‌ನಲ್ಲಿ ಬೇರೆ ಯಾವ ಕಾರ್ಯಕ್ರಮಕ್ಕಿಂತಲೂ ಜಾಸ್ತಿ ಹೊತ್ತು ನೋಡಿದ್ದು ಇದನ್ನೇ, 5,500 ಕೋಟಿಗೂ ಹೆಚ್ಚು ನಿಮಿಷ. ಅಷ್ಟೂ ನಿಮಿಷವನ್ನು ಬರೀ ಮಕ್ಕಳೇ ನೋಡಿದ್ದಾರೆ ಅಂತ ನನಗಂತೂ ಅನ್ನಿಸುವುದಿಲ್ಲ. ನನ್ನಂಥವರು ಅಲ್ಲೂ ಇರುತ್ತಾರೆ, ಕೂಸನ್ನು ಹೆಗಲ ಮೇಲೆ ಹಾಕಿಕೊಂಡು.

ಕಥೆ ಏನು ಅಂತ ಕೇಳಿದರೆ ಹೇಳುವುದು ಕಷ್ಟ. ಯಾಕೆಂದರೆ ಕಥೆಯೇ ಇಲ್ಲ. 'ಕೀಪಿ ಅಪಿ' ಎಂಬ ಕಂತಿನಲ್ಲಿ ಒಂದು ಬಲೂನು ನೆಲಕ್ಕೆ ಬೀಳದ ಹಾಗೆ ತಟ್ಟುತ್ತಾ ಇರಬೇಕು. ಅಷ್ಟೇ. ಏಳು ನಿಮಿಷ ಅದೇ. ಅಪ್ಪ ಬಂದು ಆಟವನ್ನು ಇನ್ನಷ್ಟು ಕಷ್ಟ ಮಾಡುತ್ತಾನೆ. 'ಟೇಕ್‌ಅವೇ'ಯಲ್ಲಿ ಚೀನೀ ಹೋಟೆಲಿನ ಮುಂದೆ ಪಾರ್ಸೆಲ್‌ಗಾಗಿ ಐದು ನಿಮಿಷ ಕಾಯಬೇಕು, ಜತೆಗೆ ಇಬ್ಬರು ಮಕ್ಕಳು. ಆ ಐದು ನಿಮಿಷದಲ್ಲಿ ಎಷ್ಟು ಅನಾಹುತ ಆಗಬಹುದೋ ಅಷ್ಟೂ ಆಗುತ್ತದೆ. ಮಕ್ಕಳನ್ನು ಕರೆದುಕೊಂಡು ಬ್ಯಾಂಕಿಗೆ ಬಂದು ಟೋಕನ್ ಹಿಡಿದು ಕೂರುವ ಅಪ್ಪಂದಿರನ್ನು ನಾನು ಗಾಜಿನ ಈಚೆಯಿಂದ ಎಷ್ಟು ವರ್ಷ ನೋಡಿಲ್ಲ. ಪೆನ್ನಿಗೆ ಕಟ್ಟಿದ ದಾರ ಎಳೆಯುವುದು, ನೀರಿನ ಕ್ಯಾನಿನ ನಲ್ಲಿ ತಿರುಗಿಸುವುದು, ಆಮೇಲೆ ಅಪ್ಪನಿಗೆ ಅರ್ಜೆಂಟಾಗಿ ಕಿವಿಯಲ್ಲಿ ಹೇಳುವುದು. ಎಲ್ಲವೂ ಅಲ್ಲಿದೆ. ಬ್ಯಾಂಡಿಟ್ ಕೊನೆಗೆ ಸಿಟ್ಟು ಬಿಟ್ಟು ಮಕ್ಕಳ ಜತೆ ಸೇರಿಕೊಳ್ಳುತ್ತಾನೆ. ನಮ್ಮ ಬ್ಯಾಂಕಿಗೆ ಬರುವವರು ಸಾಮಾನ್ಯವಾಗಿ ಕೈ ಹಿಡಿದು ದರದರ ಎಳೆದುಕೊಂಡು ಹೋಗುತ್ತಾರೆ.

ಬ್ಯಾಂಡಿಟ್ ಬಗ್ಗೆ ನನ್ನದೊಂದು ತಕರಾರಿದೆ. ಈ ಅಪ್ಪ ವಿಪರೀತ ಒಳ್ಳೆಯವನು. ಕರೆದಾಗಲೆಲ್ಲ ಆಟಕ್ಕೆ ಬರುತ್ತಾನೆ. ಕುದುರೆ ಆಗು ಅಂದರೆ ಕುದುರೆ, ರೋಗಿ ಆಗು ಅಂದರೆ ರೋಗಿ. 'ಮ್ಯಾಜಿಕ್ ಕ್ಸೈಲೊಫೋನ್' ಎಂಬ ಮೊದಲ ಕಂತಿನಲ್ಲಿ ಮಕ್ಕಳು ಒಂದು ಆಟದ ವಾದ್ಯ ಬಾರಿಸಿದರೆ ಸಾಕು, ಎಲ್ಲಿದ್ದಾನೋ ಅಲ್ಲೇ ಕಲ್ಲಾಗಿ ನಿಲ್ಲುತ್ತಾನೆ. ನಮ್ಮ ತಂಗಿ ಗಂಡ ಪಾಪ ಒಳ್ಳೆಯ ಮನುಷ್ಯ, ಆದರೆ ಸಂಜೆ ಆರೂವರೆಗೆ ಕೆಲಸದಿಂದ ಬಂದವನಿಗೆ ಕಲ್ಲಾಗಿ ನಿಲ್ಲು ಅಂದರೆ ನಿಂತಲ್ಲೇ ನಿದ್ದೆ ಹೋಗುತ್ತಾನೆ. "ಅಕ್ಕಾ, ಈ ನಾಯಿಯಿಂದ ನನ್ನ ಮರ್ಯಾದೆ ಹೋಯಿತು" ಅಂತ ಒಂದು ದಿನ ಅಂದ. ತಮಾಷೆಗೇ ಅಂದದ್ದು. ಪೂರಾ ತಮಾಷೆ ಅಲ್ಲ ಅಂತಲೂ ಗೊತ್ತಾಯಿತು. ಬ್ಯಾಂಡಿಟ್ ಇಷ್ಟು ಹೊತ್ತು ಮನೆಯಲ್ಲೇ ಇರುತ್ತಾನಲ್ಲ, ಮೂಳೆ ಅಗೆಯುವುದು ಯಾವಾಗ? ಆ ಮನೆಯ ಸಾಲದ ಕಂತು ಯಾರು ಕಟ್ಟುತ್ತಾರೆ? ಬ್ಯಾಂಕಿನವಳು, ನನಗೆ ಹೀಗೆಯೇ ಯೋಚನೆ ಬರುವುದು.

ಆ ಮನೆ ಮಾತ್ರ ನಿಜ. ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಮರದ ಮನೆ, ಸುತ್ತ ಜಗಲಿ. ಆ ರಾಜ್ಯದ ಹೆಸರಿನಿಂದಲೇ ಅದಕ್ಕೆ 'ಕ್ವೀನ್ಸ್‌ಲ್ಯಾಂಡರ್' ಅನ್ನುತ್ತಾರೆ. ತಂಗಿ ಇರುವ ಬೀದಿಯಲ್ಲೇ ಅಂಥವು ನಾಲ್ಕಿದ್ದವು. ನಾನು ಹೋದ ಮುಂದಿನ ತಿಂಗಳು ಜಕರಂದ ಹೂಬಿಟ್ಟು ಬೀದಿಯೆಲ್ಲ ನೇರಳೆ ಆಯಿತು. ಕಸದ ಡಬ್ಬಿಯನ್ನು ಕೆದಕುವ ಉದ್ದ ಕೊಕ್ಕಿನ ಬಿಳಿ ಐಬಿಸ್ ಹಕ್ಕಿ, ಮುಸ್ಸಂಜೆಗೆ ಆಕಾಶ ತುಂಬ ಹೋಗುವ ಬಾವಲಿಗಳು, ಎಲ್ಲವನ್ನೂ ಮೊದಲು ಕಾರ್ಟೂನಿನಲ್ಲಿ ನೋಡಿದೆ, ಆಮೇಲೆ ಕಿಟಕಿಯಲ್ಲಿ. ಬಾವಲಿಯ ಮೇಲೂ ಒಂದು ಕಂತಿದೆ. ಬ್ಲೂಯಿ ಕನಸಿನಲ್ಲಿ ಬಾವಲಿಯಾಗಿ ಹಾರುತ್ತಾಳೆ. ಹಾರುತ್ತಾ ಹೋಗಿ ಅಪ್ಪನ ಕನಸನ್ನೂ ನೋಡಿಬಿಡುತ್ತಾಳೆ. ಅಲ್ಲಿ ಅಪ್ಪ ಗೆಳೆಯರ ಜತೆ ಫುಟ್‌ಬಾಲ್ ಆಡುತ್ತಿದ್ದಾನೆ. ಮಕ್ಕಳಾದ ಮೇಲೆ ಬಿಟ್ಟ ಆಟ. ಯಾರೂ ಗೊಣಗುವುದಿಲ್ಲ, ಯಾರೂ ತ್ಯಾಗ ಅಂತ ಭಾಷಣ ಮಾಡುವುದಿಲ್ಲ. ಸುಮ್ನೆ ತೋರಿಸಿ ಮುಂದಕ್ಕೆ ಹೋಗುತ್ತಾರೆ.

ಇದೇ ಈ ಸರಣಿಯ ಗುಟ್ಟು ಅಂತ ನನಗೆ ನಿಧಾನವಾಗಿ ತಿಳಿಯಿತು. ಹೇಳಬೇಕಾದ್ದನ್ನು ಅರ್ಧಕ್ಕೇ ಬಿಡುತ್ತಾರೆ. ಮಕ್ಕಳಿಗೆ ಬಲೂನು ಕಾಣುತ್ತದೆ, ದೊಡ್ಡವರಿಗೆ ಉಳಿದದ್ದು ಕಾಣುತ್ತದೆ.

'ಬೇಬಿ ರೇಸ್' ಕಂತನ್ನು ತಂಗಿಯ ಜತೆ ನೋಡಿದೆ. ಬ್ಲೂಯಿ ಕೂಸಾಗಿದ್ದಾಗಿನ ಕಥೆ. ಬೇರೆಯವರ ಮಕ್ಕಳು ಮಗುಚುತ್ತವೆ, ತೆವಳುತ್ತವೆ, ನಡೆಯುತ್ತವೆ. ಬ್ಲೂಯಿ ಮಾತ್ರ ಹಿಂದಕ್ಕೆ ಹೋಗುತ್ತಾಳೆ. ಚಿಲ್ಲಿಗೆ ತಾನೇ ಏನೋ ತಪ್ಪು ಮಾಡುತ್ತಿದ್ದೇನೆ ಅಂತ ಸಂಕಟ. ಎಷ್ಟೋ ಮಕ್ಕಳನ್ನು ಹೆತ್ತು ಪಳಗಿದ ಪರಿಚಯದ ಒಬ್ಬ ತಾಯಿ ಬಂದು ಕೂತು, ನೀನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದೀಯ ಅನ್ನುತ್ತಾಳೆ. ಅಷ್ಟೇ ಮಾತು. ತಂಗಿ ಅತ್ತಳು. ಹದಿನೈದು ದಿನದಿಂದ ನಿದ್ದೆಯಿಲ್ಲ, ಹಾಲು ಸಾಲುತ್ತಿಲ್ಲ ಅನ್ನುವ ಗುಮಾನಿ ಬೇರೆ, ಕಾಯುತ್ತಿದ್ದ ಅಳು ಅದು. ಅದೇ ಮಾತನ್ನು ನಾನು ವಾರದಿಂದ ಹೇಳುತ್ತಿದ್ದೆ. ಆದರೆ ಹೆರದವಳ ಬಾಯಿಂದ ಬಂದ ಆ ಮಾತಿಗೆ ತೂಕ ಎಲ್ಲಿಂದ ಬರಬೇಕು? ನಾಯಿ ಹೇಳಿತು, ನಡೆಯಿತು.

'ಬಿನ್ ನೈಟ್' ಅಂತ ಇನ್ನೊಂದಿದೆ. ವಾರಕ್ಕೊಮ್ಮೆ ರಾತ್ರಿ ಕಸದ ದೊಡ್ಡ ಡಬ್ಬಿಗಳನ್ನು ಬೀದಿಗೆ ತಳ್ಳಿಕೊಂಡು ಹೋಗಿ ಇಡಬೇಕು. ಪ್ರತಿ ವಾರ ಅಪ್ಪ, ಇಬ್ಬರು ಮಕ್ಕಳು, ಡಬ್ಬಿ, ದಾರಿಯಲ್ಲಿ ಒಂದಿಷ್ಟು ಮಾತು. ಅಷ್ಟರಲ್ಲೇ ವಾರಗಳು ಕಳೆಯುತ್ತವೆ, ಮಗುವಿನ ಒಂದು ಪುಟ್ಟ ಸಂಕಟ ಬಂದು ಹೋಗುತ್ತದೆ. ಕಸ ಹಾಕುವುದರ ಮೇಲೆ ಇಷ್ಟು ಚೆಂದದ ಏಳು ನಿಮಿಷ ಮಾಡಬಹುದು ಅಂತ ನನಗೆ ಗೊತ್ತಿರಲಿಲ್ಲ. ತಂಗಿಯ ಮನೆಯಲ್ಲೂ ಗುರುವಾರ ರಾತ್ರಿ ಡಬ್ಬಿ ಹೊರಗೆ. ಪುಟ್ಟಿ ಚಪ್ಪಲಿ ಇಲ್ಲದೆ ಓಡುತ್ತಿದ್ದಳು.

ನಮ್ಮವರಿಗೆ ತೋರಿಸಿದ್ದು 'ಕ್ರಿಕೆಟ್' ಕಂತು. ಊರಿಗೆ ಬಂದ ಮೇಲೆ, ಬಲವಂತ ಮಾಡಿ. ದಾವಣಗೆರೆಯವರಿಗೆ ಕ್ರಿಕೆಟ್ ಹೇಳಿಕೊಡುವುದು ಬೇಡ, ವಿನಯ್ ಕುಮಾರ್ ಊರು ಇದು. ಕಾರ್ಟೂನ್ ನಾಯಿ ಕ್ರಿಕೆಟ್ ಆಡುತ್ತದಾ ಅಂತ ನಗುತ್ತಲೇ ಕೂತರು. ರಸ್ಟಿ ಅಂತ ಒಂದು ಕೆಂಪು ನಾಯಿಮರಿ. ಹುಟ್ಟುಹಬ್ಬದ ದಿನ ಪಾರ್ಕಿನಲ್ಲಿ ಅಪ್ಪಂದಿರೆಲ್ಲ ಸೇರಿ ಬೌಲ್ ಮಾಡಿದರೂ ಔಟಾಗುವುದಿಲ್ಲ. ಅವನು ಅದನ್ನು ಹೇಗೆ ಕಲಿತ ಅನ್ನುವುದೇ ಕಥೆ. ಅವನ ಅಪ್ಪ ಸೈನ್ಯದಲ್ಲಿದ್ದಾನೆ, ದೂರ. ಜೋರಾಗಿ ಬೌಲ್ ಮಾಡುವ ದೊಡ್ಡ ಹುಡುಗನಿಗೆ ಹೆದರಿ ಹಿಂದೆ ಸರಿಯುತ್ತಿದ್ದ ಮಗನಿಗೆ ಕಾಗದ ಬರೆಯುತ್ತಾನೆ. ದೊಡ್ಡವನಾದ ಹಾಗೆ ಇದಕ್ಕಿಂತ ಗಟ್ಟಿಯಾದವು ಎದುರಾಗುತ್ತವೆ, ಹಿಂದೆ ಸರಿದು ಔಟಾಗಬಹುದು, ಇಲ್ಲ ಎದುರಿಗೆ ನಿಂತು ಹೊಡೆಯಬಹುದು, ಚೆಂಡಿನ ಮೇಲೆ ಕಣ್ಣಿಡು, ತಂಗಿಯನ್ನು ನೋಡಿಕೋ. ಹೆಚ್ಚುಕಮ್ಮಿ ಇಷ್ಟೇ. ಕೊನೆಯಲ್ಲಿ ಯಾರಿಂದಲೂ ಔಟಾಗದವನು ಬೇಕೆಂದೇ ಚೆಂಡನ್ನು ಮೇಲಕ್ಕೆ ಎತ್ತಿ ಪುಟ್ಟ ತಂಗಿಯ ಕೈಗೆ ಕ್ಯಾಚ್ ಕೊಡುತ್ತಾನೆ.

ನಮ್ಮವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಆ ಪುಲ್ ಶಾಟ್ ಕರೆಕ್ಟಾಗಿ ತೋರಿಸಿದ್ದಾರೆ, ಕಾಲು ಸರಿಯಾಗಿ ಹೋಗಿದೆ" ಅಂದರು. ಗಂಡಸರು ಅಳು ಬಂದಾಗ ಹೀಗೆಯೇ ಏನಾದರೂ ಟೆಕ್ನಿಕಲ್ ವಿಷಯ ಮಾತಾಡುವುದು.

ಸಂಗೀತದ ಬಗ್ಗೆ ನನಗೆ ಜಾಸ್ತಿ ತಿಳಿಯದು, ಆದರೂ ಹೇಳಲೇಬೇಕು. ಜೋಫ್ ಬುಷ್ ಅನ್ನುವವರು ಇದರ ಸಂಗೀತಗಾರರು. ಸಾಮಾನ್ಯವಾಗಿ ಕಾರ್ಟೂನುಗಳಲ್ಲಿ ಅದೇ ಡುಂಯ್ ಡುಂಯ್ ಎಲ್ಲ ಕಂತಿಗೂ ಅಲ್ವಾ? ಇಲ್ಲಿ ಒಂದೊಂದು ಕಂತಿಗೂ ಬೇರೆ ಬೇರೆ ಸಂಗೀತ. ಶುರುವಿನ ಹಾಡಿನಲ್ಲಿ ನಾಲ್ವರೂ ಕುಣಿಯುತ್ತಾರೆ, ಸಂಗೀತ ನಿಂತಾಗ ಅಲ್ಲಾಡದೆ ನಿಲ್ಲಬೇಕು, ಅಲ್ಲಾಡಿದವರು ಔಟು. ಪುಟ್ಟಿ ದಿನಾ ಟಿವಿ ಮುಂದೆ ನಿಂತು ಆಡುತ್ತಿದ್ದಳು. ನಾನೂ ಒಂದೆರಡು ಸಲ ಆಡಿದೆ, ಸೀರೆ ಎತ್ತಿ ಕಟ್ಟಿ.

'ಸ್ಲೀಪಿಟೈಮ್' ಅನ್ನು ಹಗಲು ನೋಡಬೇಡಿ. ರಾತ್ರಿಯೇ ನೋಡಿ, ದೀಪ ಆರಿಸಿ. ಬಿಂಗೊಗೆ ಇಡೀ ರಾತ್ರಿ ತನ್ನ ಹಾಸಿಗೆಯಲ್ಲೇ ಮಲಗಬೇಕು ಅಂತ ಆಸೆ. ಕನಸಿನಲ್ಲಿ ತನ್ನ ಗೊಂಬೆ ಮೊಲದ ಜತೆ ಗ್ರಹಗಳ ನಡುವೆ ತೇಲುತ್ತಾಳೆ. ಇತ್ತ ಮನೆಯಲ್ಲಿ ಬ್ಲೂಯಿ ನೀರು ಕುಡಿಯಲು ಎದ್ದು, ಅಪ್ಪನ ಹಾಸಿಗೆಗೆ ನುಗ್ಗಿ, ಅಪ್ಪ ಹಾಸಿಗೆ ಬಿಟ್ಟು ಹೋಗಿ, ಎಂದಿನ ರಾತ್ರಿಯ ರಾದ್ಧಾಂತ. ಕನಸಿನಲ್ಲಿ ತಣ್ಣಗಾದ ಬಿಂಗೊ ಸೂರ್ಯನ ಹತ್ತಿರ ಹೋಗುತ್ತಾಳೆ. ಆ ಬಿಸುಪು ಅಮ್ಮನದು. ಹಿಂದೆ ಕೇಳುವುದು ಹೋಲ್ಸ್ಟ್ ಎಂಬ ಇಂಗ್ಲಿಷ್ ಸಂಗೀತಗಾರ ಗುರುಗ್ರಹದ ಮೇಲೆ ಮಾಡಿದ ರಾಗವಂತೆ, ತಂಗಿ ಗಂಡ ಹೇಳಿದ. ನನಗೆ ಹೆಸರು ಬೇಕಾಗಿರಲಿಲ್ಲ. ಹೆಗಲ ಮೇಲೆ ಆರು ವಾರದ ಕೂಸಿತ್ತು, ಅದರ ತಲೆ ನನ್ನ ಕುತ್ತಿಗೆಗೆ ಒತ್ತಿ ಬಿಸಿಯಾಗಿತ್ತು. ಕಂತು ಮುಗಿದರೂ ಮಲಗಿಸಲು ಮನಸ್ಸು ಬರಲಿಲ್ಲ.

ಹಾಗಂತ ಎಲ್ಲವೂ ಹೀಗೆಯೇ ಇದೆ ಅಂದುಕೊಳ್ಳಬೇಡಿ. ಕೆಲವು ಕಂತುಗಳು ಬರೀ ಗಲಾಟೆ. ಬ್ಲೂಯಿಯ ಚಿಕ್ಕಪ್ಪನ ಮಗಳು ಮಫಿನ್ ಬಂದಳೆಂದರೆ ನಾನು ಸದ್ದು ಇನ್ನೂ ಎರಡು ಗೆರೆ ಇಳಿಸುತ್ತಿದ್ದೆ. ಆ ಕಿರುಚಾಟಕ್ಕೆ ನಗುವವರೂ ಇದ್ದಾರೆ, ಪುಟ್ಟಿ ಬಿದ್ದು ಬಿದ್ದು ನಗುತ್ತಾಳೆ. ನನಗೆ ತಲೆನೋವು. ಆದರೆ ಮಕ್ಕಳಿಬ್ಬರೂ ಶಾಲು ಹೊದ್ದು ಮುದುಕಿಯರಾಗುವ 'ಗ್ರ್ಯಾನೀಸ್' ಮಾತ್ರ ತಪ್ಪಿಸಬೇಡಿ. ಜಾನೆಟ್ ಮತ್ತು ರೀಟಾ ಅಂತ ಹೆಸರಿಟ್ಟುಕೊಂಡು, ಕಿವಿ ಕೇಳದವರ ಹಾಗೆ ಕಾರು ಓಡಿಸುತ್ತಾರೆ. ನಮ್ಮ ಬ್ಯಾಂಕಿಗೆ ಪಿಂಚಣಿ ದಿನ ಬರುವ ಇಬ್ಬರು ಅಜ್ಜಿಯರು ನೆನಪಾಗಿ ನಗು ತಡೆಯಲಾಗಲಿಲ್ಲ. ಕೂಸು ಎದ್ದುಬಿಟ್ಟಿತು. ಅಂದ ಹಾಗೆ ಮಕ್ಕಳ ದನಿ ಕೊಟ್ಟವರ ಹೆಸರನ್ನು ಎಲ್ಲೂ ಹಾಕುವುದಿಲ್ಲ. ತಂಡದವರ ಮಕ್ಕಳೇ ದನಿ ಕೊಡುತ್ತಾರಂತೆ, ಹೆಸರು ಬಿಟ್ಟುಕೊಡುವುದಿಲ್ಲ. ಒಳ್ಳೆಯ ಕೆಲಸ.

'ಕ್ಯಾಂಪಿಂಗ್' ನೋಡಿದಾಗ ನನಗೂ ಪುಟ್ಟಿಗೂ ಒಂದು ವಿಷಯ ನಡೆಯಿತು. ಕಾಡಿನಲ್ಲಿ ಡೇರೆ ಹಾಕಿದಾಗ ಬ್ಲೂಯಿಗೆ ಜಾನ್ ಲೂಕ್ ಎಂಬ ಹುಡುಗ ಸಿಗುತ್ತಾನೆ. ಅವನಿಗೆ ಫ್ರೆಂಚ್ ಮಾತ್ರ ಬರುತ್ತದೆ, ಅವಳಿಗೆ ಇಂಗ್ಲಿಷ್ ಮಾತ್ರ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡಿಕೊಂಡು ಎರಡು ಮೂರು ದಿನ ಆಡುತ್ತಾರೆ, ಒಂದು ಬೀಜ ನೆಡುತ್ತಾರೆ. ಒಂದು ಬೆಳಗ್ಗೆ ಅವನು ಹೊರಟುಹೋಗಿರುತ್ತಾನೆ. ಪುಟ್ಟಿಗೆ ಕನ್ನಡ ಅರ್ಥ ಆಗುತ್ತದೆ, ಬಾಯಿಗೆ ಬರುವುದಿಲ್ಲ. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷ್‌ನಲ್ಲಿ ಹೇಳುವುದು, ಒಂಬತ್ತು ವಾರ ಹೀಗೇ ನಡೆದಿತ್ತು. ಆ ಕಂತು ಮುಗಿದಾಗ ಅವಳು ನನ್ನನ್ನು ನೋಡಿ, "ದೊಡ್ಡಮ್ಮ, ಯೂ ಆರ್ ಮೈ ಜಾನ್ ಲೂಕ್" ಅಂದಳು. ನಾನು "ಹೌದಾ, ಹಾಗಾದರೆ ನಾಳೆ ಮೆಂತ್ಯ ನೆಡೋಣ" ಅಂದೆ. ಮೊಸರಿನ ಡಬ್ಬಿಯಲ್ಲಿ ನೆಟ್ಟೆವು. ಮೆಂತ್ಯ ಅಲ್ವಾ, ಮೂರನೇ ದಿನಕ್ಕೇ ಬಂತು.

ಈಗ ನಾನು ಬರೆಯಲು ಕೂತ ಮುಖ್ಯ ವಿಷಯಕ್ಕೆ ಬರುತ್ತೇನೆ. 'ಒನ್ಸೀಸ್'.

ಬ್ರ್ಯಾಂಡಿ ಅಂತ ಚಿಲ್ಲಿಯ ಒಡಹುಟ್ಟಿದವಳು ಮನೆಗೆ ಬರುತ್ತಾಳೆ. ದೊಡ್ಡಮ್ಮನೋ ಚಿಕ್ಕಮ್ಮನೋ ತಿಳಿಯಲಿಲ್ಲ, ಇಂಗ್ಲಿಷ್‌ನಲ್ಲಿ ಎಲ್ಲರೂ ಆಂಟಿ. ನಾನು ಮನಸ್ಸಿನಲ್ಲಿ ದೊಡ್ಡಮ್ಮ ಅಂತಲೇ ಇಟ್ಟುಕೊಂಡೆ. ಎಷ್ಟೋ ವರ್ಷದಿಂದ ಈ ಮನೆಯ ಕಡೆ ಬಂದಿಲ್ಲ. ಮಕ್ಕಳಿಗೆ ತಲೆಯಿಂದ ಕಾಲಿನವರೆಗೆ ಮುಚ್ಚುವ ಒಂದೇ ತುಂಡಿನ ಬಟ್ಟೆ ತಂದಿದ್ದಾಳೆ, ಒಂದು ಜೀಬ್ರಾ, ಒಂದು ಚೀತಾ. ಬ್ಲೂಯಿಗೆ ಚೀತಾ ಬೇಕು. ಆದರೆ ಅದು ಅವಳ ಮೈಗೆ ಹಿಡಿಸುವುದಿಲ್ಲ. ಬಿಂಗೊ ಅದನ್ನು ಹಾಕಿಕೊಂಡು ನಿಜವಾದ ಚೀತಾದ ಹಾಗೆ ಎಲ್ಲರ ಮೇಲೆ ಎರಗುತ್ತಾಳೆ. ಮನೆ ತುಂಬ ಓಡಾಟ, ಕೂಗಾಟ. ಇದರ ನಡುವೆ ಬ್ಲೂಯಿ ಅಮ್ಮನನ್ನು ಕೇಳುತ್ತಾಳೆ, ಇವರು ಯಾಕೆ ನಮ್ಮನ್ನು ನೋಡಲು ಬರುವುದೇ ಇಲ್ಲ ಅಂತ. ಚಿಲ್ಲಿ ಹೇಳುತ್ತಾಳೆ. ನಿನಗೆ ಆ ಚೀತಾ ಬಟ್ಟೆ ಬೇಕು ಅಂತ ಎಷ್ಟು ಆಸೆ ಇದೆಯೋ ಹಾಗೆ ಅವಳಿಗೂ ಒಂದು ಬೇಕು, ತುಂಬಾ ಬೇಕು, ಆದರೆ ಅದು ಅವಳಿಗೆ ಸಿಗುವುದಿಲ್ಲ. ಯಾರೂ ಏನೂ ಮಾಡುವ ಹಾಗಿಲ್ಲ.

ಮಗು ಎಂಬ ಮಾತಿಲ್ಲ. ಡಾಕ್ಟರ್ ಇಲ್ಲ. ಹರಕೆ ಇಲ್ಲ. ಅಯ್ಯೋ ಪಾಪ ಇಲ್ಲ.

ನಮ್ಮಲ್ಲೂ ಆ ಮಾತನ್ನು ನೇರವಾಗಿ ಆಡುವುದಿಲ್ಲ. "ಏನಾದ್ರೂ ವಿಶೇಷ ಇದೆಯಾ?" ಅನ್ನುತ್ತಾರೆ. ಮದುವೆಯಾದ ಮೊದಲ ಹತ್ತು ವರ್ಷ ನಾನು ಹೋದ ಮದುವೆ, ಮುಂಜಿ, ಗೃಹಪ್ರವೇಶ ಎಲ್ಲದರಲ್ಲೂ ಈ ವಿಶೇಷ ನನಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಆಮೇಲೆ ಕೇಳುವುದನ್ನು ಬಿಟ್ಟರು. ಕೇಳದೆ ಇರುವಾಗ ಮುಖ ಮಾಡುತ್ತಾರಲ್ಲ, ಅದು ಇನ್ನೂ ಕಷ್ಟ. ತೊಟ್ಟಿಲ ಶಾಸ್ತ್ರಕ್ಕೆ ಕರೆದರೆ ಹೋಗುವುದನ್ನು ನಿಧಾನವಾಗಿ ಕಡಿಮೆ ಮಾಡಿದೆ, ಬ್ಯಾಂಕಿನಲ್ಲಿ ಆಡಿಟ್ ಇದೆ ಅಂತ. ವರ್ಷಕ್ಕೆ ಎಷ್ಟು ಆಡಿಟ್ ಇರುತ್ತದೆ ಅಂತ ಯಾರೂ ಲೆಕ್ಕ ಇಡಲಿಲ್ಲ, ಪುಣ್ಯ. ಹಾಗಾಗಿ ಬ್ರ್ಯಾಂಡಿ ವರ್ಷಗಟ್ಟಲೆ ಯಾಕೆ ಬರಲಿಲ್ಲ ಅಂತ ನನಗೆ ಚಿಲ್ಲಿ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಮ್ಮ ಮಾತಿಗೂ ಆ ಮಾತಿಗೂ ಏನು ವ್ಯತ್ಯಾಸ ಅಂತ ಆ ರಾತ್ರಿ ಯೋಚಿಸಿದೆ. ಇಬ್ಬರೂ ಮುಚ್ಚಿಯೇ ಹೇಳುವುದು. ನಮ್ಮವರು ಮುಚ್ಚಿ ಕೇಳುತ್ತಾರೆ, ಉತ್ತರ ಬೇಕು ಅಂತ. ಚಿಲ್ಲಿ ಮುಚ್ಚಿ ಹೇಳುತ್ತಾಳೆ, ಇನ್ನು ಯಾರೂ ಕೇಳದಿರಲಿ ಅಂತ. ಏಳು ನಿಮಿಷದ ಮಕ್ಕಳ ಕಾರ್ಟೂನಿನಲ್ಲಿ ಇಷ್ಟು ಮರ್ಯಾದೆ ಸಿಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಆ ಕಂತನ್ನೇ ನಾನು ಐದು ಸಲ ನೋಡಿದ್ದು.

ಅದಕ್ಕೇ 'ದಿ ಸೈನ್' ಬಗ್ಗೆ ನನಗೆ ಸಿಟ್ಟು. 2024ರ ಏಪ್ರಿಲ್‌ನಲ್ಲಿ ಬಂದ ದೊಡ್ಡ ಕಂತು, 28 ನಿಮಿಷ. ಮನೆ ಮಾರಿ ಬೇರೆ ಊರಿಗೆ ಹೋಗಬೇಕು, ಅಪ್ಪನಿಗೆ ಹೊಸ ಕೆಲಸ. ಅದೇ ಹೊತ್ತಿಗೆ ಮನೆಯಲ್ಲಿ ಒಂದು ಮದುವೆ. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಅದರಲ್ಲಿ ಶಾಲೆಯ ಟೀಚರ್ ಮಕ್ಕಳಿಗೆ ಒಬ್ಬ ರೈತನ ಕಥೆ ಹೇಳುತ್ತಾಳೆ. ಕುದುರೆ ಓಡಿಹೋದರೆ ಅಯ್ಯೋ ಅನ್ನುವ ಅಕ್ಕಪಕ್ಕದವರಿಗೂ "ನೋಡೋಣ", ಒಳ್ಳೆಯದಾಯಿತು ಅಂದವರಿಗೂ "ನೋಡೋಣ". ಅಷ್ಟು ಚೆಂದದ ಕಥೆ ಹೇಳಿ, ಕೊನೆಗೆ ನೋಡೋಣ ಅನ್ನುವ ಧೈರ್ಯ ಅವರಿಗೇ ಸಾಲಲಿಲ್ಲ. ಮನೆ ಮಾರಾಟ ನಿಂತುಹೋಗುತ್ತದೆ, ಬ್ಯಾಂಡಿಟ್ ಅಂಗಳದ ಬೋರ್ಡನ್ನು ಕಿತ್ತು ಎಸೆಯುತ್ತಾನೆ, ಎಲ್ಲರೂ ಅಲ್ಲೇ ಉಳಿಯುತ್ತಾರೆ. ಅದಾದರೂ ಹೋಗಲಿ. ಮದುವೆಗೆ ಬಂದವರಲ್ಲಿ ಬ್ರ್ಯಾಂಡಿ ಇದ್ದಾಳೆ. ಬಸುರಿ.

ಆ ವಿಷಯವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನೋಡಿದವರಿಗೆ ಕಾಣಲಿ ಅಂತ ಬಿಟ್ಟಿದ್ದಾರೆ. ಮೊದಲು ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಕೈ ತಟ್ಟುವ ಹಾಗಾಯಿತು. ಕೂಸನ್ನು ಮಲಗಿಸಿ ನೀರು ಕುಡಿಯುವಷ್ಟರಲ್ಲಿ ಅದು ಸಿಟ್ಟಾಗಿತ್ತು. ಸಿಗುವುದಿಲ್ಲ, ಯಾರೂ ಏನೂ ಮಾಡುವ ಹಾಗಿಲ್ಲ ಅಂತ ಹೇಳಿದವರು ನೀವೇ ಅಲ್ವಾ? ಸಿಗದೆ ಇದ್ದವಳೂ ಮದುವೆಗೆ ಬಂದು, ಊಟ ಮಾಡಿ, ಕುಣಿದು ಹೋಗಬಹುದಿತ್ತು. ಅದನ್ನು ತೋರಿಸಲು ಇವರಿಗಿಂತ ಚೆನ್ನಾಗಿ ಯಾರಿಗೆ ಬರುತ್ತಿತ್ತು?

ತಂಗಿಯ ಹತ್ತಿರ ಬೆಳಗ್ಗೆ ಹೇಳಿದೆ. ಅವಳು ಅಂಟಿನುಂಡೆ ಕಚ್ಚುತ್ತಾ, "ಅಕ್ಕಾ, ಪಾಪ ಅವಳಿಗೆ ಒಳ್ಳೇದಾಗಬಾರದಾ?" ಅಂದಳು.

"ಆಗಲಿ ಬಿಡೇ. ಆದರೆ ಒಳ್ಳೇದು ಅಂದರೆ ಅದೊಂದೇನಾ?"

ಅವಳು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿ ಸ್ನಾನಕ್ಕೆ ಹೋದಳು.

ನೋಡಬೇಕಾ ಅಂತ ಕೇಳಿದರೆ, ನೋಡಿ. ಮಕ್ಕಳಿದ್ದರೆ ಅವರ ಜತೆ, ಇಲ್ಲದಿದ್ದರೆ ಒಬ್ಬರೇ. ಮೊದಲ ಕಂತಿನಿಂದ ಸಾಲಾಗಿ ನೋಡಬೇಕೆಂದಿಲ್ಲ. 'ಕೀಪಿ ಅಪಿ'ಯಿಂದ ಶುರು ಮಾಡಿ, 'ಬಿನ್ ನೈಟ್' ನೋಡಿ, ಆಮೇಲೆ ಒಂದು ರಾತ್ರಿ 'ಸ್ಲೀಪಿಟೈಮ್'. ಮನೆಯಲ್ಲಿ ಕ್ರಿಕೆಟ್ ಹುಚ್ಚಿನವರಿದ್ದರೆ ಅವರನ್ನು 'ಕ್ರಿಕೆಟ್' ಮುಂದೆ ಕೂರಿಸಿ. 'ಒನ್ಸೀಸ್' ಅನ್ನು ನಿಮ್ಮ ಮನೆಯ ವಿಶೇಷ ಕೇಳುವ ನೆಂಟರಿಗೆ ತೋರಿಸಿ, ಅರ್ಥ ಆಗದಿದ್ದರೂ ಏಳು ನಿಮಿಷ ಸುಮ್ಮನಿರುತ್ತಾರೆ. ಇಂಗ್ಲಿಷ್ ಮಾತು ಕಷ್ಟ ಅನ್ನಿಸಿದರೆ ಅಕ್ಷರ ಹಾಕಿಕೊಳ್ಳಿ, ನಾಚಿಕೆ ಬೇಡ. ಆಸ್ಟ್ರೇಲಿಯಾದಲ್ಲಿರುವವರಿಗೆ ಎಬಿಸಿಯ ಐವ್ಯೂ ಆ್ಯಪ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಸಿನಿಮಾ ಕೂಡ ಬರುತ್ತದಂತೆ, 2027ಕ್ಕೆ ಅಂತ ಹೇಳಿದ್ದಾರೆ. ಬ್ರ್ಯಾಂಡಿ ಏನಾದಳು ಅಂತ ನೋಡಲು ನಾನಂತೂ ಹೋಗುತ್ತೇನೆ, ಸಿಟ್ಟು ಸಿಟ್ಟೇ, ಹೋಗುವುದು ಹೋಗುವುದೇ.

ಹೊರಡುವ ದಿನ ಪುಟ್ಟಿ ನನ್ನ ಬ್ಯಾಗಿನಲ್ಲಿ ಒಂದು ಪ್ಯಾಕೆಟ್ ಬಲೂನು ತುರುಕಿದ್ದಳು. ಊರಿಗೆ ಬಂದು ಬಿಚ್ಚಿದಾಗಲೇ ಗೊತ್ತಾದದ್ದು. ಕ್ರಿಕೆಟ್ ಕಂತು ನೋಡಿದ ರಾತ್ರಿ ನಮ್ಮವರು ಅದರಲ್ಲಿ ಒಂದನ್ನು ತೆಗೆದು ಊದಿದರು. ಫ್ಯಾನ್ ಆಫ್ ಮಾಡಿ, ಟೀಪಾಯಿ ಗೋಡೆಗೆ ಸರಿಸಿ, ಬಾಗಿಲು ಹಾಕಿಕೊಂಡೆವು. ಅವರಿಗೆ ಸೊಂಟ ನೋವು, ಬಗ್ಗುವ ಹಾಗಿಲ್ಲ, ಕೆಳಗೆ ಬರುವುದೆಲ್ಲ ನನ್ನದು. ಮೊದಲ ಸಲ ಒಂಬತ್ತಕ್ಕೇ ಬಿತ್ತು. ಈಗ ನಮ್ಮ ದಾಖಲೆ 64. ದೇವರ ಮನೆ ಬಾಗಿಲಿನ ಚಿಲಕಕ್ಕೆ ತಾಗದಿದ್ದರೆ ಇನ್ನೂ ಹೋಗುತ್ತಿತ್ತು.